ಕೆಳದವಡೆ ಹಲ್ಲಿನಲ್ಲಿ ‘ಸಿ’ ಆಕಾರದ ನಾಳ ಇದೆಯಂತೆ. ರೂಟ್ ಕೆನಾಲ್ ಮಾಡಿಸಲೋ, ಕೀಳಿಸಿಬಿಡಲೋ?

ನಿದ್ದೆಗೆಟ್ಟವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ಎಡಗಡೆ ಕೆಳಗಿನ ದವಡೆ ಹಲ್ಲು, ಬುದ್ಧಿಹಲ್ಲಿನ ಮುಂದಿನದು. ಮೊದಮೊದಲು ತಣ್ಣೀರು ಕುಡಿದರೆ ಮಾತ್ರ ಝುಂ ಅನ್ನುತ್ತಿತ್ತು. ಆಮೇಲೆ ಬಿಸಿ ಕುಡಿದರೂ ಶುರುವಾಯಿತು. ಕುಡಿದು ಎಷ್ಟೋ ಹೊತ್ತಾದರೂ ನೋವು ನಿಲ್ಲುತ್ತಿರಲಿಲ್ಲ. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ದಿಂಬು ಎತ್ತರ ಮಾಡಿಕೊಂಡು ಕೂತೇ ಬೆಳಗು ಮಾಡುತ್ತಿದ್ದೆ.

ಡಾಕ್ಟರ್ ಎಕ್ಸ್‌ರೇ ತೆಗೆದರು. ಹುಳುಕು ನರದವರೆಗೆ ಹೋಗಿದೆ, ರೂಟ್ ಕೆನಾಲ್ ಆಗಬೇಕು ಅಂದರು. ಸರಿ ಅಂದೆ. ಮರಗಟ್ಟಿಸಿ ಹಲ್ಲು ಕೊರೆದರು. ಸ್ವಲ್ಪ ಹೊತ್ತು ಸುಮ್ಮನೆ ಒಳಗೆ ನೋಡುತ್ತಾ ಕೂತರು. ಮತ್ತೆ ಎಕ್ಸ್‌ರೇ. ಮತ್ತೆ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು: "ನಿಮ್ಮ ಹಲ್ಲಿನ ಬೇರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಳಗೆ ಬೇರೆ ಬೇರೆ ತೂತುಗಳಿಲ್ಲ, ಸಿ ಆಕಾರದ ಒಂದೇ ಸೀಳು ಇದೆ. ರಕ್ತ ನಿಲ್ಲುತ್ತಿಲ್ಲ. ನಾನು ಮುಂದುವರಿಸುವುದಿಲ್ಲ." ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿದರು. ಸಿಬಿಸಿಟಿ ಅಂತ ಒಂದು 3ಡಿ ಸ್ಕ್ಯಾನ್ ಮಾಡಿಸಿ, ಮೈಕ್ರೋಸ್ಕೋಪ್ ಇಟ್ಟುಕೊಂಡಿರುವ ಸ್ಪೆಷಲಿಸ್ಟ್ ಹತ್ತಿರ ಹೋಗಿ ಎಂದು ಚೀಟಿ ಬರೆದು ಕೊಟ್ಟರು.

ಮೊದಲೇ ಎಕ್ಸ್‌ರೇ ತೆಗೆದಿದ್ದರಲ್ಲ, ಆಗ ಗೊತ್ತಾಗಲಿಲ್ವಾ ಎಂದು ಕೇಳೋಣ ಅನಿಸಿತು. ಬಾಯಿ ಅರ್ಧ ಮರಗಟ್ಟಿತ್ತು, ಸುಮ್ಮನಾದೆ.

ಈಗ ನೋವು ಬಹಳ ಕಡಿಮೆ. ಆದರೆ ಮನೆಯಲ್ಲಿ ಚರ್ಚೆ ಜೋರು. ಅಣ್ಣನ ಪ್ರಕಾರ ಡಾಕ್ಟರಿಗೆ ಕೆಲಸ ಬರುವುದಿಲ್ಲ, ಅದಕ್ಕೇ ಕೈ ಎತ್ತಿದರು. ಅತ್ತಿಗೆ ಹೇಳುವುದು, ಹುಟ್ಟಿನಿಂದಲೇ ಸರಿಯಿಲ್ಲದ ಹಲ್ಲನ್ನು ಉಳಿಸಿಕೊಂಡು ಏನು ಮಾಡ್ತೀಯ, ಕೀಳಿಸಿಬಿಡು. ನನಗೆ ಯಾವುದೂ ತೋಚುತ್ತಿಲ್ಲ. ಇದು ಅಷ್ಟು ಅಪರೂಪವಾ? ಇಂಥ ಹಲ್ಲಿಗೆ ರೂಟ್ ಕೆನಾಲ್ ನಿಲ್ಲುತ್ತಾ? ಸ್ಕ್ಯಾನ್ ನಿಜಕ್ಕೂ ಬೇಕಾ? ಬಲಗಡೆ ಹಲ್ಲೂ ಹೀಗೇ ಇರಬಹುದಾ?

ಹಳೇ ರೋಗಿ:

ಸ್ಪೆಷಲಿಸ್ಟ್ ಹತ್ತಿರ ಹೋಗಿ, ಯೋಚನೆ ಮಾಡಬೇಡಿ. ನಂದು ಮೇಲಿನ ದವಡೆ ಹಲ್ಲು. ಒಂದು ಕ್ಲಿನಿಕ್ಕಿನಲ್ಲಿ ಮೂರು ಕೆನಾಲ್ ಎಂದು ಹೇಳಿ ಮುಗಿಸಿ ಕ್ಯಾಪ್ ಹಾಕಿದರು. ಆದರೂ ಕಚ್ಚಿದಾಗ ಒಂದು ಥರ ನೋವು. "ಅಭ್ಯಾಸ ಆಗುತ್ತೆ" ಅಂದರು. ಆಗಲಿಲ್ಲ. ಆಮೇಲೆ ಇನ್ನೊಬ್ಬರು ನೋಡಿ, ನಾಲ್ಕನೆಯದು ಒಂದು ಒಳಗೇ ಉಳಿದುಬಿಟ್ಟಿದೆ ಅಂದರು. ಕ್ಯಾಪ್ ಒಡೆದು, ಹಳೇದೆಲ್ಲ ತೆಗೆದು ಹೊಸದಾಗಿ ಮಾಡಬೇಕಾಯಿತು. ಎರಡೆರಡು ಸಲ ಖರ್ಚು, ಎರಡೆರಡು ಸಲ ಬಾಯಿ ತೆರೆದುಕೊಂಡು ಕೂರುವ ಶಿಕ್ಷೆ. ನಿಮ್ಮ ಡಾಕ್ಟರ್ ಅರ್ಧದಲ್ಲಿ ನಿಲ್ಲಿಸಿದ್ದೇ ಒಳ್ಳೆಯದಾಯಿತು.

ಬೇರಿನ ಡಾಕ್ಟರ್:

ನಾನು ಎಂಡೋಡಾಂಟಿಸ್ಟ್. ದಿನವಿಡೀ ಬೇರಿನೊಳಗಿನ ಕೆಲಸವೇ ನನ್ನದು. ನಿಮ್ಮ ಬಾಯಿ ನೋಡದೆ ಹಲ್ಲು ಉಳಿಯುತ್ತೆ, ಉಳಿಯಲ್ಲ ಎಂದು ಹೇಳಲಾರೆ. ಆದರೆ ನಿಮ್ಮ ಅಣ್ಣನ ಮಾತಿಗೆ ಮೊದಲು ಉತ್ತರ ಕೊಡಬೇಕು. ಕೆಲಸ ಬಾರದವರು ನಿಲ್ಲಿಸುವುದಿಲ್ಲ. ಅವರು ಎರಡು ತೂತು ಹುಡುಕಿ, ಉಜ್ಜಿ, ತುಂಬಿ ಕಳಿಸುತ್ತಾರೆ, ಎಕ್ಸ್‌ರೇಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕಂಡದ್ದನ್ನು ಗುರುತಿಸಿ, ಹೆಸರು ಹೇಳಿ, ಚೀಟಿ ಬರೆದು ಕಳಿಸಿದ್ದಾರೆ ಎಂದರೆ ಅವರಿಗೆ ಕೆಲಸ ಗೊತ್ತು.

ಈಗ ಹಲ್ಲಿನ ವಿಷಯ. ಕೆಳಗಿನ ಎರಡನೇ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಒಳಗೆ ಮೂರು ನಾಳ. ಬೇರು ಬೆಳೆಯುವಾಗ ಅದಕ್ಕೆ ಆಕಾರ ಕೊಡುವ ಒಂದು ತೆಳು ಪೊರೆ ಇರುತ್ತದೆ, ಹರ್ಟ್‌ವಿಗ್ ಪೊರೆ ಎನ್ನುತ್ತೇವೆ. ಅದು ಕೆನ್ನೆ ಕಡೆಯಿಂದಲೂ ನಾಲಿಗೆ ಕಡೆಯಿಂದಲೂ ಒಳಗೆ ಬಂದು ಕೂಡಿಕೊಂಡರೆ ಬೇರುಗಳು ಬೇರೆಯಾಗುತ್ತವೆ. ಒಂದು ಕಡೆ ಕೂಡದೇ ಉಳಿದರೆ ಆ ಕಡೆ ಬೇರುಗಳು ಅಂಟಿಕೊಂಡೇ ಬೆಳೆಯುತ್ತವೆ. ಒಳಗಿನ ನಾಳವೂ ಅದೇ ಅಂಟಿನ ಗುಂಟ ಬಾಗಿ ಹರಡುತ್ತದೆ. ಮೇಲಿನಿಂದ ನೋಡಿದರೆ ಹಿಟ್ಟಿನ ಮೇಲೆ ಉಗುರು ಒತ್ತಿದಾಗ ಬೀಳುವ ಗುರುತಿನ ಹಾಗೆ ಕಾಣುತ್ತದೆ. ಇದು ಕಾಯಿಲೆಯಲ್ಲ. ಹುಳುಕು ಬರದೇ ಇದ್ದಿದ್ದರೆ ನಿಮಗೆ ಜೀವನಪೂರ್ತಿ ಗೊತ್ತೇ ಆಗುತ್ತಿರಲಿಲ್ಲ. ಅತ್ತಿಗೆಯವರಿಗೂ ಹೇಳಿ, ಸರಿಯಿಲ್ಲದ ಹಲ್ಲಲ್ಲ ಅದು.

ದಂತವೈದ್ಯ ಬರಹಗಳಲ್ಲಿ ಇದನ್ನು ಮೊದಲು ವಿವರಿಸಿದವರು ಕುಕ್ ಮತ್ತು ಕಾಕ್ಸ್, 1979ರಲ್ಲಿ. ಅವರು ಬರೆದದ್ದು ಕೆಲವೇ ಪ್ರಕರಣಗಳ ಬಗ್ಗೆ. ಆಮೇಲೆ ಚೀನಾ, ಕೊರಿಯಾ ಕಡೆ ಎಣಿಸಿದಾಗ ಈ ಹಲ್ಲಿನಲ್ಲಿ ಮೂರನೇ ಒಂದು ಭಾಗ, ಕೆಲವು ಎಣಿಕೆಗಳಲ್ಲಿ ಅದಕ್ಕಿಂತ ಜಾಸ್ತಿ ಜನರಿಗೆ ಸಿ ಆಕಾರ ಸಿಕ್ಕಿತು. ಯುರೋಪ್ ಮೂಲದವರಲ್ಲಿ ಬಹಳ ಕಡಿಮೆ. ಅಂದರೆ ಪುಸ್ತಕ ಬರೆದವರ ಮುಂದೆ ಯಾರ ಹಲ್ಲುಗಳಿದ್ದವೋ, ಅವು ‘ಸಾಮಾನ್ಯ’ ಆದವು. ಉಳಿದವರದ್ದು ‘ವಿಚಿತ್ರ’ ಆಯಿತು. ಕೆಳಗಿನ ಮೊದಲ ದವಡೆ ಹಲ್ಲಿಗೆ ನಾಲಿಗೆ ಕಡೆ ಒಂದು ಪುಟ್ಟ ಮೂರನೇ ಬೇರು ಬರುವುದುಂಟು, ರೇಡಿಕ್ಸ್ ಎಂಟೊಮೊಲಾರಿಸ್ ಅಂತ. ಕಾರಬೆಲ್ಲಿ ಅದನ್ನು 1844ರಲ್ಲೇ ಗುರುತಿಸಿದ್ದರು. ಅದರ ಕಥೆಯೂ ಹೀಗೇ: ಪೂರ್ವ ಏಷ್ಯಾದವರಲ್ಲಿ ಆಗಾಗ ಸಿಗುತ್ತದೆ, ಯುರೋಪಿನವರಲ್ಲಿ ಅಪರೂಪ.

ಹಾಗೆ ನೋಡಿದರೆ ಪಾಠದಲ್ಲಿ ಹೇಳುವ ನೇರವಾದ ನಾಳವೇ ಅಪರೂಪ. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಎನ್ನುವವರು ನೂರು ವರ್ಷಗಳ ಹಿಂದೆಯೇ ಸಾವಿರಾರು ಕಿತ್ತ ಹಲ್ಲುಗಳೊಳಗೆ ರಬ್ಬರ್ ತುಂಬಿ, ಗಟ್ಟಿ ಮಾಡಿ, ಹೊರಗಿನ ಹಲ್ಲನ್ನು ಕರಗಿಸಿ ತೋರಿಸಿದ್ದರು. ಉಳಿದ ಅಚ್ಚು ನೋಡಿದರೆ ಕವಲುಗಳು, ಅಡ್ಡದಾರಿಗಳು, ನಡುವೆ ತೆಳು ಪದರಗಳು. ನಾನು ಓದುವಾಗ ಆ ಚಿತ್ರಗಳನ್ನು ನೋಡಿ, ಇದನ್ನೆಲ್ಲ ಒಂದು ಸೂಜಿಯಂಥ ಫೈಲ್‌ನಿಂದ ಸ್ವಚ್ಛ ಮಾಡಬೇಕಾ ಎಂದು ಗಾಬರಿಯಾಗಿದ್ದೆ. ಉತ್ತರ: ಆಗಲ್ಲ. ಫೈಲ್ ದಾರಿ ಮಾಡುತ್ತದೆ ಅಷ್ಟೇ, ಸ್ವಚ್ಛ ಮಾಡುವುದು ದ್ರಾವಣ. ಮೈಕ್ರೋ ಸಿಟಿ ಎನ್ನುವ ಅತಿ ಸೂಕ್ಷ್ಮ ಸ್ಕ್ಯಾನ್ ಮಾಡಿ ನೋಡಿದವರಿಗೆ ಸಾಧಾರಣ ನಾಳದಲ್ಲೇ ಗೋಡೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಫೈಲ್ ಮುಟ್ಟದೇ ಉಳಿದದ್ದು ಕಂಡಿದೆ. ಸಿ ಆಕಾರದಲ್ಲಿ ಕೇಳಲೇಬೇಡಿ.

ರಕ್ತ ಯಾಕೆ ನಿಲ್ಲಲಿಲ್ಲ? ಆ ಸೀಳಿನ ಉದ್ದಕ್ಕೂ ಜೀವಂತ ನರ, ರಕ್ತನಾಳ ಎಲ್ಲ ಇದೆ. ಎರಡು ತುದಿಯಲ್ಲಿ ಫೈಲ್ ಹಾಕಿ ತೆಗೆದರೂ ನಡುವಿನದ್ದು ಅಲ್ಲೇ ಇರುತ್ತದೆ, ಸುರಿಯುತ್ತಲೇ ಇರುತ್ತದೆ. ಹಲ್ಲಿಗೆ ತಪ್ಪಿ ತೂತು ಬಿತ್ತಾ ಎಂದು ಡಾಕ್ಟರಿಗೇ ಅನುಮಾನ ಬರುವಷ್ಟು. ಇದಕ್ಕೆ ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತೇವೆ. ಅದು ಜೀವಂತ ಅಂಗಾಂಶವನ್ನೂ ಸತ್ತದ್ದನ್ನೂ ಕರಗಿಸುತ್ತದೆ. ಅಲ್ಟ್ರಾಸಾನಿಕ್ ತುದಿಯಿಂದ ಅದನ್ನು ಕದಡುತ್ತಾ ಇರಬೇಕು, ಮತ್ತೆ ಮತ್ತೆ ಹೊಸದು ಹಾಕಬೇಕು. ಕೊನೆಯಲ್ಲಿ ಇಡಿಟಿಎ ಎನ್ನುವ ಇನ್ನೊಂದು ದ್ರಾವಣ. ಇದಕ್ಕೆ ಹೊತ್ತು ಹಿಡಿಯುತ್ತದೆ. "ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸ್ತೀರಾ?" ಎಂದು ಕೇಳುವವರು ಬಹಳ. ಮುಗಿಯಬಹುದು, ಮುಗಿಯದೇ ಇರಬಹುದು. ಅದು ಹಲ್ಲು ಹೇಳಬೇಕಾದ ಮಾತು, ನಾವಲ್ಲ.

ಎಕ್ಸ್‌ರೇಯಲ್ಲಿ ಯಾಕೆ ಗೊತ್ತಾಗಲಿಲ್ಲ ಎನ್ನುವುದಕ್ಕೆ: ಎಕ್ಸ್‌ರೇ ಎಂದರೆ ಕೆನ್ನೆಯಿಂದ ನಾಲಿಗೆವರೆಗಿನ ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು. ಅಂಟಿದ ಬೇರುಗಳು ಎರಡು ಬೇರಿನಂತೆಯೇ ಕಾಣಬಹುದು. ಅನುಮಾನಕ್ಕೆ ಸುಳಿವು ಸಿಗುತ್ತದೆ, ಖಾತ್ರಿ ಆಗುವುದು ಹಲ್ಲು ತೆರೆದಾಗಲೇ. ಅಥವಾ ಸ್ಕ್ಯಾನ್‌ನಲ್ಲಿ.

ನಿಮ್ಮ ಹಲ್ಲಿಗೆ ಸ್ಕ್ಯಾನ್ ಬೇಕು ಎನ್ನುತ್ತೇನೆ. ಕಾರಣ, ಈ ನಾಳ ಮೇಲಿಂದ ಕೆಳಗೆ ಒಂದೇ ಥರ ಇರುವುದಿಲ್ಲ. ಮೇಲೆ ಪೂರ್ತಿ ಸಿ ಇದ್ದದ್ದು ನಡುವೆ ಎರಡಾಗಿ ಒಡೆಯಬಹುದು, ಕೆಳಗೆ ಮತ್ತೆ ಸೇರಬಹುದು. ಅಂಟಿದ ಬೇರಿನ ಹೊರಮೈಯಲ್ಲಿ ಒಂದು ಉದ್ದನೆಯ ತೋಡು ಇರುತ್ತದೆ, ಹೆಚ್ಚಾಗಿ ನಾಲಿಗೆ ಕಡೆ. ಆ ತೋಡಿನ ಹತ್ತಿರ ಬೇರಿನ ಗೋಡೆ ಬಹಳ ತೆಳು. ಅಲ್ಲಿ ದಪ್ಪ ಫೈಲ್ ಜೋರಾಗಿ ತಿರುಗಿಸಿದರೆ ಪಕ್ಕಕ್ಕೆ ಹರಿದುಹೋಗುತ್ತದೆ, ಆಮೇಲೆ ಹಲ್ಲು ಉಳಿಸುವುದು ಕಷ್ಟ. ಗೋಡೆ ಎಲ್ಲಿ ತೆಳು ಎಂದು ಮೊದಲೇ ಕಂಡರೆ ಆ ಕಡೆ ಕೈ ಹಗುರ ಮಾಡುತ್ತೇವೆ.

ಕೀಳಿಸುವ ಪ್ರಶ್ನೆ ನಾಳದ ಆಕಾರ ನೋಡಿ ತೀರ್ಮಾನ ಆಗುವುದಲ್ಲ. ಹುಳುಕು ತೆಗೆದ ಮೇಲೆ ಒಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿಯುತ್ತದೆ, ಬೇರು ಬಿರುಕು ಬಿಟ್ಟಿದೆಯಾ, ಸುತ್ತ ಮೂಳೆ ಗಟ್ಟಿ ಇದೆಯಾ, ಇವನ್ನು ಕೇಳಿ. ಇವು ಸರಿ ಇದ್ದರೆ ನಾನಂತೂ ಉಳಿಸಲು ನೋಡುತ್ತೇನೆ.

ಬಲಗಡೆ ಹಲ್ಲೂ ಹೀಗೇ ಇರುವ ಸಾಧ್ಯತೆ ಜಾಸ್ತಿಯೇ. ಅಲ್ಲಿ ತೊಂದರೆ ಇಲ್ಲದಿದ್ದರೆ ಏನೂ ಮಾಡಬೇಕಿಲ್ಲ. ಸಣ್ಣ ಹುಳುಕು ಕಂಡರೆ ತಡಮಾಡದೆ ಫಿಲ್ಲಿಂಗ್ ಮಾಡಿಸಿ.

ಊರಿಗೊಬ್ಬ ದಂತವೈದ್ಯ:

ಮೇಡಂ ಹೇಳಿದ್ದು ಬಹುಪಾಲು ಒಪ್ಪುತ್ತೇನೆ. ಸ್ಕ್ಯಾನ್ ಬಗ್ಗೆ ಮಾತ್ರ ಒಂದು ತಕರಾರು. ಇದನ್ನು ಓದಿದ ಎಲ್ಲರೂ ನಾಳೆಯಿಂದ ಪ್ರತಿ ರೂಟ್ ಕೆನಾಲ್‌ಗೂ ಸಿಬಿಸಿಟಿ ಕೇಳಿಕೊಂಡು ಬರುತ್ತಾರೆ. ಸಣ್ಣ ಎಕ್ಸ್‌ರೇಗಿಂತ ಅದರಲ್ಲಿ ವಿಕಿರಣ ಜಾಸ್ತಿ. ಹತ್ತಿರ ಹಳೇ ಕ್ಯಾಪ್ ಅಥವಾ ಲೋಹದ ಫಿಲ್ಲಿಂಗ್ ಇದ್ದರೆ ಚಿತ್ರ ಕೆಡುತ್ತದೆ, ಇಲ್ಲದ ಗೆರೆಗಳೂ ಕಾಣುತ್ತವೆ.

ಮೊದಲು ಕೋನ ಬದಲಿಸಿ ಎರಡು ಎಕ್ಸ್‌ರೇ ತೆಗೆಯಬೇಕು. ಕ್ಲಾರ್ಕ್ 1910ರಲ್ಲೇ ಹೇಳಿಕೊಟ್ಟ ಉಪಾಯ. ಟ್ಯೂಬ್ ಪಕ್ಕಕ್ಕೆ ಸರಿಸಿದಾಗ ಅದರ ಜೊತೆಯೇ ಸರಿದಂತೆ ಕಾಣುವುದು ನಾಲಿಗೆ ಕಡೆಯದು, ಎದುರು ದಿಕ್ಕಿಗೆ ಸರಿಯುವುದು ಕೆನ್ನೆ ಕಡೆಯದು. ಒಂದರ ಹಿಂದೆ ಒಂದು ಅಡಗಿದ್ದ ಎರಡು ನಾಳ ಹೀಗೆ ಬೇರೆಯಾಗುತ್ತವೆ. ಕೆಳಗಿನ ಮುಂದಿನ ಬಾಚಿಹಲ್ಲು ನೋಡಿ, ಎಷ್ಟು ಸಣ್ಣದು! ಅದರಲ್ಲೂ ಸುಮಾರು ನೂರಕ್ಕೆ 40ರಲ್ಲಿ ಎರಡು ನಾಳ ಇರುತ್ತವೆ. ತುದಿಯಲ್ಲಿ ಹೆಚ್ಚಿನವು ಸೇರಿಕೊಳ್ಳುತ್ತವೆ. ಒಂದರ ಹಿಂದೆ ಒಂದು ಇರುವುದರಿಂದ ನೇರ ಎಕ್ಸ್‌ರೇಯಲ್ಲಿ ಒಂದೇ ಎನಿಸುತ್ತದೆ. ನಾಲಿಗೆ ಕಡೆಯದು ತಪ್ಪಿಹೋಗುವುದು ಮಾಮೂಲು.

ಇನ್ನೊಂದು ಸುಳಿವು ನಾನು ಬಿಡದೆ ನೋಡುವುದು: ಎಕ್ಸ್‌ರೇಯಲ್ಲಿ ಕಪ್ಪಗೆ ಸ್ಪಷ್ಟವಾಗಿ ಬರುತ್ತಿದ್ದ ನಾಳ ಬೇರಿನ ನಡುವೆ ದಿಢೀರ್ ಮಾಯವಾದರೆ, ಅಲ್ಲಿ ಅದು ಕವಲೊಡೆದಿದೆ ಎಂದೇ ಅನುಮಾನಿಸಬೇಕು. ಕೆಳಗಿನ ಮೊದಲ ಚಿಕ್ಕ ದವಡೆ ಹಲ್ಲಿನಲ್ಲಿ ಇದು ನನಗೆ ಎಷ್ಟೋ ಸಲ ಸಹಾಯ ಮಾಡಿದೆ. ಹಲ್ಲು ತೆರೆದ ಮೇಲೆ ತಳದ ಬಣ್ಣ ನೋಡುತ್ತೇನೆ. ತಳ ಯಾವಾಗಲೂ ಗೋಡೆಗಿಂತ ಕಪ್ಪು, ನಾಳದ ಬಾಯಿಗಳು ಆ ಎರಡು ಬಣ್ಣ ಕೂಡುವ ಗೆರೆಯಲ್ಲೇ ಇರುತ್ತವೆ. ಕ್ರಾಸ್ನರ್ ಮತ್ತು ರ‍್ಯಾಂಕೋ 500 ಕಿತ್ತ ಹಲ್ಲು ಕತ್ತರಿಸಿ ನೋಡಿ 2004ರಲ್ಲಿ ಬರೆದ ನಿಯಮ. ಇದಕ್ಕೆ ಯಾವ ಮೆಷೀನೂ ಬೇಡ, ಬೆಳಕು ಮತ್ತು ತಾಳ್ಮೆ ಸಾಕು.

ನಿದ್ದೆಗೆಟ್ಟವರೇ, ನಿಮ್ಮದಕ್ಕೆ ಸ್ಕ್ಯಾನ್ ಬೇಡ ಎನ್ನುತ್ತಿಲ್ಲ. ಮಾಡಿಸಿ.

ಬೇರಿನ ಡಾಕ್ಟರ್:

ತಕರಾರು ಒಪ್ಪಿದೆ ಸರ್. ಅಮೆರಿಕದ ಎಂಡೋಡಾಂಟಿಸ್ಟರ ಸಂಘ ಮತ್ತು ಅಲ್ಲಿನ ಬಾಯಿ-ದವಡೆ ರೇಡಿಯಾಲಜಿ ಅಕಾಡೆಮಿ ಸೇರಿ 2015ರಲ್ಲಿ ಹೇಳಿದ್ದೂ ಹೀಗೇ: ಎಲ್ಲರಿಗೂ ಮೊದಲು ಸಣ್ಣ ಎಕ್ಸ್‌ರೇ. ಹೆಚ್ಚುವರಿ ನಾಳ ಅಥವಾ ಜಟಿಲ ಬೇರಿನ ಅನುಮಾನ ಇದ್ದರೆ ಸಿಬಿಸಿಟಿ. ಅದೂ ಇಡೀ ದವಡೆಯದ್ದಲ್ಲ, ಆ ಒಂದೆರಡು ಹಲ್ಲು ಮಾತ್ರ ಹಿಡಿಯುವ ಚಿಕ್ಕ ಚೌಕಟ್ಟಿನದ್ದು. ಚೀಟಿಯಲ್ಲಿ ಅದನ್ನು ಬರೆದಿದ್ದಾರಾ ನೋಡಿಕೊಳ್ಳಿ. ವಿಕಿರಣವೂ ಕಡಿಮೆ, ಚಿತ್ರವೂ ಹೆಚ್ಚು ಸ್ಪಷ್ಟ.

ಹಳೇ ರೋಗಿಯವರ ನಾಲ್ಕನೇ ನಾಳದ ಬಗ್ಗೆ ಒಂದು ಮಾತು. ಅದನ್ನು ಎಂಬಿ2 ಎನ್ನುತ್ತೇವೆ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಅದು ಇರುವುದೇ ಹೆಚ್ಚು, ಇಲ್ಲದಿರುವುದೇ ಕಡಿಮೆ. ಬಾಯಿ ಬಹಳ ಕಿರಿದು, ಮೇಲೆ ಹಲ್ಲಿನದೇ ಒಂದು ಚಾಚು ಮುಚ್ಚಿಕೊಂಡಿರುತ್ತದೆ. ಮೈಕ್ರೋಸ್ಕೋಪ್ ಇಟ್ಟು ಆ ಚಾಚನ್ನು ಹುಷಾರಾಗಿ ಸವೆಸಿದರೆ ಕಾಣುತ್ತದೆ. ಬರಿಗಣ್ಣಿಗೆ ಸಿಗುವುದು ಕಷ್ಟ.

ಪುಟ್ಟಿಯ ಅಮ್ಮ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಮೇಡಂ. ಮಗಳಿಗೆ ಮೇಲಿನ ಮುಂದಿನ ಎರಡನೇ ಹಲ್ಲು ಈಗಷ್ಟೇ ಪೂರ್ತಿ ಬಂದಿದೆ. ಹಿಂಭಾಗದಲ್ಲಿ ಒಂದು ಚುಕ್ಕಿಯಂಥ ಗುಳಿ. ಶಾಲೆಯಲ್ಲಿ ತಪಾಸಣೆಗೆ ಬಂದವರು "ಹಲ್ಲಿನೊಳಗೆ ಹಲ್ಲು" ಇರಬಹುದು ಅಂದರಂತೆ. ನೋವಿಲ್ಲ, ಹುಳುಕಿಲ್ಲ. ಇದಕ್ಕೂ ರೂಟ್ ಕೆನಾಲ್ ಬೇಕಾಗುತ್ತಾ?

ಬೇರಿನ ಡಾಕ್ಟರ್:

ನೋವಿಲ್ಲ, ಹುಳುಕಿಲ್ಲ ಎಂದು ಕಾಯಬೇಡಿ ತಾಯಿ. ಈ ಚರ್ಚೆಯಲ್ಲಿ ಡಾಕ್ಟರ್ ಹತ್ತಿರ ಬೇಗ ಹೋಗಬೇಕಾದವರು ಯಾರಾದರೂ ಇದ್ದರೆ ನೀವು.

ಇದರ ಹೆಸರು ಡೆನ್ಸ್ ಇನ್ವ್ಯಾಜಿನೇಟಸ್. ಹಲ್ಲು ರೂಪುಗೊಳ್ಳುವಾಗಲೇ ಹೊರಮೈ ಒಳಗೆ ಮಡಚಿಕೊಂಡುಬಿಡುತ್ತದೆ. ಅತಿ ಹೆಚ್ಚಾಗಿ ಕಾಣುವುದು ನಿಮ್ಮ ಮಗಳ ಅದೇ ಹಲ್ಲಿನಲ್ಲಿ. ಓಹ್ಲರ್ಸ್ 1957ರಲ್ಲಿ ಇದನ್ನು ಮೂರು ಬಗೆ ಮಾಡಿದರು. ಮೊದಲ ಬಗೆಯಲ್ಲಿ ಮಡಿಕೆ ಹಲ್ಲಿನ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಎರಡನೆಯದರಲ್ಲಿ ಬೇರಿನೊಳಗೆ ಇಳಿದು ಅಲ್ಲೇ ಮುಚ್ಚಿಕೊಳ್ಳುತ್ತದೆ. ಮೂರನೆಯದು ಬೇರನ್ನು ದಾಟಿ ಪಕ್ಕದಲ್ಲೋ ತುದಿಯಲ್ಲೋ ಹೊರಗೆ ತೆರೆದುಕೊಳ್ಳುತ್ತದೆ.

ಆ ಗುಳಿಯೊಳಗೆ ಬ್ರಷ್ ಹೋಗುವುದಿಲ್ಲ. ಒಳಗಿನ ಎನಾಮಲ್ ಎಷ್ಟೋ ಸಲ ತೆಳು, ಕೆಲವು ಕಡೆ ಇರುವುದೇ ಇಲ್ಲ. ಹಾಗಾಗಿ ಹೊರಗೆ ಹುಳುಕೇ ಕಾಣದೆ ಒಳಗೆ ನರ ಸಾಯಬಹುದು. ಮಕ್ಕಳಲ್ಲಿ ಇನ್ನೂ ಒಂದು ತೊಂದರೆ ಇದೆ. ಆಗಷ್ಟೇ ಬಂದ ಹಲ್ಲಿನ ಬೇರಿನ ತುದಿ ಇನ್ನೂ ಬೆಳೆಯುತ್ತಿರುತ್ತದೆ. ನರ ಸತ್ತರೆ ಬೇರು ಅಲ್ಲಿಗೇ ನಿಂತುಬಿಡುತ್ತದೆ, ಗೋಡೆ ತೆಳುವಾಗಿಯೇ ಉಳಿಯುತ್ತದೆ.

ಈಗ ಹೋದರೆ ಒಂದು ಎಕ್ಸ್‌ರೇ ತೆಗೆದು, ನರ ಜೀವಂತ ಇದೆಯಾ ಎಂದು ಪರೀಕ್ಷೆ ಮಾಡಿ, ಗುಳಿಯನ್ನು ಸೀಲ್ ಮಾಡುತ್ತಾರೆ. ಬಹುತೇಕ ಅಷ್ಟೇ ಸಾಕು. ಆಮೇಲೆ ಆಗಾಗ ತೋರಿಸುತ್ತಿರಬೇಕು. ಇನ್ನೊಂದು ಬದಿಯ ಅದೇ ಹಲ್ಲನ್ನೂ ನೋಡಲು ಹೇಳಿ, ಜೋಡಿಯಾಗಿ ಬರುವುದುಂಟು. ಮೂರನೇ ಬಗೆ ಆಗಿದ್ದರೆ ಮಾತ್ರ ನಮ್ಮಂಥವರ ಕೈಗೆ ಬರಬೇಕಾಗಬಹುದು. ಆಗಲೂ ಎಷ್ಟೋ ಸಲ ಮಡಿಕೆಯನ್ನಷ್ಟೇ ಸ್ವಚ್ಛ ಮಾಡಿ ತುಂಬಿ, ಪಕ್ಕದ ನಿಜವಾದ ನರವನ್ನು ಜೀವಂತ ಬಿಡಲು ಆಗುತ್ತದೆ. ನನ್ನ ಕೆಲಸದಲ್ಲಿ ನನಗೆ ಬಹಳ ಇಷ್ಟವಾಗುವ ಕೇಸು ಅದು. ಆದರೆ ನಿಮ್ಮ ಮಗಳಿಗೆ ಅದು ಬೇಡ, ಸೀಲ್‌ನಲ್ಲೇ ಮುಗಿಯಲಿ.

ನಿದ್ದೆಗೆಟ್ಟವ:

ಎಲ್ಲರಿಗೂ ಥ್ಯಾಂಕ್ಸ್. ಸ್ಕ್ಯಾನ್ ಆಯಿತು. ರಿಪೋರ್ಟಿನಲ್ಲಿ ಮೇಲೆ ಸಿ, ಮಧ್ಯದಿಂದ ಎರಡು, ಬೇರಿನಲ್ಲಿ ಬಿರುಕು ಕಾಣುತ್ತಿಲ್ಲ ಎಂದಿದೆ. ಬಲಗಡೆಯದು ಆ ಚಿತ್ರದಲ್ಲಿ ಬಂದೇ ಇಲ್ಲ, ಚಿಕ್ಕ ಚೌಕಟ್ಟಿನದ್ದೇ ತೆಗೆದಿದ್ದಾರೆ. ಸ್ಪೆಷಲಿಸ್ಟ್ ಸಿಗುವುದು ಸ್ವಲ್ಪ ತಡ ಇದೆ. ಮೂರು ಪ್ರಶ್ನೆ ಉಳಿದಿವೆ. ಅಲ್ಲಿವರೆಗೆ ಆ್ಯಂಟಿಬಯಾಟಿಕ್ ತಗೊಳ್ಳಲಾ? ಇಂಥ ನಾಳವನ್ನು ತುಂಬುವುದು ಹೇಗೆ? ತಾತ್ಕಾಲಿಕ ಸಿಮೆಂಟ್ ಒಂದು ಮೂಲೆಯಲ್ಲಿ ಸವೆದಂತಿದೆ, ಪರವಾಗಿಲ್ವಾ?

ಬೇರಿನ ಡಾಕ್ಟರ್:

ಆ್ಯಂಟಿಬಯಾಟಿಕ್ ಸುಮ್ನೆ ತಗೊಳ್ಳಬೇಡಿ. ಹಲ್ಲಿನ ನರದ ನೋವಿಗೆ ಅದು ಕೆಲಸ ಮಾಡುವುದಿಲ್ಲ. ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಮಾತು ಬೇರೆ. ಆಗ ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತುಂಬುವುದು ಗಟ್ಟಾ ಪರ್ಚಾ ಎನ್ನುವ ರಬ್ಬರಿನಂಥ ವಸ್ತುವಿನಿಂದಲೇ. ಕಡ್ಡಿ ಕಡ್ಡಿಯಾಗಿ ತಣ್ಣಗೆ ಇಟ್ಟರೆ ಸಿ ಆಕಾರದ ನಡುವಿನ ಜಾಗ ಖಾಲಿ ಉಳಿಯುತ್ತದೆ. ಅದಕ್ಕೇ ಬಿಸಿ ಮಾಡಿ ಮೆತ್ತಗಾದ ಮೇಲೆ ಒತ್ತುತ್ತೇವೆ, ಆಗ ಅದು ಸಂದಿಗೂ ಇಳಿಯುತ್ತದೆ. ಶಿಲ್ಡರ್ 1967ರಲ್ಲಿ ಬರೆದ ವಿಧಾನ, ಸಲಕರಣೆ ಮಾತ್ರ ಈಗ ಸುಧಾರಿಸಿದೆ. ಕೆಲವರು ಹೊಸ ಬಗೆಯ ಸಿಮೆಂಟ್ ಸೀಲರ್ ಹೆಚ್ಚಾಗಿ ಬಳಸಿ ತುಂಬುತ್ತಾರೆ. ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದು ಮಾಡಲಿ. ಮೊದಲು ಸ್ವಚ್ಛ ಆಗಿರಬೇಕು, ತುಂಬುವುದು ಆಮೇಲಿನ ಮಾತು. ಮುಗಿದ ಮೇಲೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ತೋಡಿನ ಕಡೆ ಗೋಡೆ ತೆಳು ಎಂದೆನಲ್ಲ, ಕಚ್ಚುವ ಒತ್ತಡಕ್ಕೆ ಸೀಳುವ ಭಯ ಅಲ್ಲೇ. ಒಂದು ವರ್ಷದ ಹೊತ್ತಿಗೆ ಮತ್ತೊಂದು ಎಕ್ಸ್‌ರೇ ತೆಗೆಸಿ, ಬೇರಿನ ತುದಿಯ ಮೂಳೆ ಹೇಗಿದೆ ನೋಡಬೇಕು. ನೋವಿಲ್ಲ ಎಂದು ಇದನ್ನು ಬಿಡುವವರೇ ಜಾಸ್ತಿ.

ಸಿಮೆಂಟ್ ಸವೆದದ್ದಕ್ಕೆ ನಾಳೆಯೇ ಮೊದಲಿನ ಡಾಕ್ಟರ್ ಹತ್ತಿರ ಹೋಗಿ ಹೊಸದು ಹಾಕಿಸಿಕೊಳ್ಳಿ. ಎಂಜಲು ಒಳಗೆ ಇಳಿದರೆ ಬ್ಯಾಕ್ಟೀರಿಯಾ ಜೊತೆಗೇ ಇಳಿಯುತ್ತದೆ, ಅವರು ಇಟ್ಟ ಔಷಧಿಗೆ ಅರ್ಥವೇ ಉಳಿಯುವುದಿಲ್ಲ. ಅಲ್ಲಿವರೆಗೆ ಬಲಗಡೆಯಲ್ಲೇ ಅಗಿಯಿರಿ. ಹೋದಾಗ ಅವರು ಹಲ್ಲು ತೆರೆದ ದಿನದ ಎರಡು ಎಕ್ಸ್‌ರೇಗಳನ್ನೂ ಕೇಳಿ ತಗೊಳ್ಳಿ, ಸ್ಕ್ಯಾನ್ ಫೈಲ್ ಪೂರ್ತಿ ಕಾಪಿ ಮಾಡಿಸಿಕೊಳ್ಳಿ. ಬರೀ ಪ್ರಿಂಟ್ ತಂದರೆ ನಮಗೆ ಉಪಯೋಗ ಕಡಿಮೆ, ಪದರ ಪದರವಾಗಿ ಸರಿಸಿ ನೋಡಲು ಆಗುವುದಿಲ್ಲ.